ಸಾಕು ಓತಿಗೆ ಬಿಸಿಲಿನ ವ್ಯವಸ್ಥೆ

ಮಹಾನಗರಗಳ ಬಹುಮಹಡಿ ಮನೆಗಳಲ್ಲಿ ನಾಯಿ, ಬೆಕ್ಕು, ಬಣ್ಣದ ಮೀನುಗಳೊಡನೆ ಈಗ ‘ಬಿಯರ್ಡೆಡ್ ಡ್ರ್ಯಾಗನ್’ ಎಂಬ ಗಡ್ಡದ ಓತಿಯೂ ಅಲ್ಲಲ್ಲಿ ಕಾಣಸಿಗುತ್ತದೆ. ನಮ್ಮ ಊರುಗಳ ಬೇಲಿಯ ಮೇಲೆ ತಲೆಯಾಡಿಸುವ ಓತಿಕೇತದ ಕುಟುಂಬಕ್ಕೇ ಸೇರಿದ ಈ ಪ್ರಾಣಿಯ ತವರು ಆಸ್ಟ್ರೇಲಿಯಾದ ಒಣ ಒಳನಾಡು. ಅಲ್ಲಿ ಅದು ಬೆಳಗಾಗುತ್ತಲೇ ಬಂಡೆಯನ್ನೋ ಮರದ ಬೊಡ್ಡೆಯನ್ನೋ ಏರಿ ಮೈ ಕಾಯಿಸಿಕೊಳ್ಳುತ್ತದೆ. ಮನೆಯೊಳಗಿನ ಪೆಟ್ಟಿಗೆಯಲ್ಲಿ ಆ ಬಿಸಿಲನ್ನು ದೀಪಗಳೇ ಒದಗಿಸಬೇಕು. ದೀಪದ ಆಯ್ಕೆ ತಪ್ಪಿದರೆ ಹೊಟ್ಟೆ ತುಂಬ ತಿಂದ ಓತಿಯೂ ಸೊರಗುತ್ತದೆ.

ಎರಡು ಅಗತ್ಯಗಳು

ಓತಿಯು ತನ್ನ ಮೈಶಾಖವನ್ನು ತಾನೇ ಉತ್ಪಾದಿಸಿ ಕಾಯ್ದುಕೊಳ್ಳಲಾರದು. ಅದರ ಜೀರ್ಣಕ್ರಿಯೆಗೂ ಹೊರಗಿನ ಶಾಖವೇ ಆಧಾರ. ಇನ್ನೊಂದು ಅಗತ್ಯ, ಯು.ವಿ.ಬಿ. ಎಂಬ ನೇರಳಾತೀತ ಕಿರಣ. ಇದು ಚರ್ಮದಲ್ಲಿ ಡಿ3 ಜೀವಸತ್ವದ ಪೂರ್ವರೂಪವನ್ನು ಉಂಟುಮಾಡುತ್ತದೆ. ಆ ಪೂರ್ವರೂಪವು ಡಿ3 ಆಗಿ ಮಾರ್ಪಡಲು ಮೈಯ ಶಾಖ ಬೇಕು. ಹೀಗೆ ಇವೆರಡೂ ಒಂದೇ ಬಂಡಿಯ ಗಾಲಿಗಳು. ಡಿ3 ಸಾಲದಿದ್ದರೆ ಆಹಾರದ ಸುಣ್ಣದಂಶವು ರಕ್ತಕ್ಕೆ ಸರಿಯಾಗಿ ಸೇರದು. ಆಗ ದೇಹವು, ಆದಾಯವಿಲ್ಲದವನು ಮೂಲಧನವನ್ನೇ ಕರಗಿಸುವಂತೆ, ಎಲುಬಿನ ಸುಣ್ಣವನ್ನು ಸೆಳೆದುಕೊಳ್ಳುತ್ತದೆ. ದವಡೆ ಮೆದುವಾಗುವುದು, ಕಾಲು ಸೊಟ್ಟಗಾಗುವುದು, ಬೆರಳು ನಡುಗುವುದು ಇದರ ಲಕ್ಷಣಗಳು. ಇವು ಕಂಡೊಡನೆ ಪಶುವೈದ್ಯರ ಸಲಹೆ ಅತ್ಯಗತ್ಯ.

ಶಾಖದ ದೀಪ

ಬೆಳೆದ ಓತಿಗೆ ನಾಲ್ಕಡಿ ಉದ್ದ, ಎರಡಡಿ ಅಗಲದ ಪೆಟ್ಟಿಗೆ ಬೇಕು. ಅದರ ಒಂದು ತುದಿಯಲ್ಲಿ ಮಾತ್ರ, ಮೇಲಿನಿಂದ ಬೆಳಗುವಂತೆ, ಬಿಳಿಯ ಹ್ಯಾಲೊಜೆನ್ ದೀಪವನ್ನು ಮೈಗೆ ತಾಗದಂತೆ ಅಳವಡಿಸಬೇಕು. ದೀಪದ ಕೆಳಗಿನ ಕಲ್ಲಿನ ಮೇಲ್ಮೈ 38ರಿಂದ 42 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 24ರಿಂದ 29 ಡಿಗ್ರಿ ಇರಲಿ. ಕಾದಾಗ ನೆರಳಿಗೂ ತಣಿದಾಗ ಬಿಸಿಗೂ ಓತಿಯು ತಾನೇ ಸರಿಯುತ್ತದೆ. ವಿದ್ಯುತ್ತಿನಿಂದ ಕಾಯುವ ಕಲ್ಲುಗಳು ಹೊಟ್ಟೆಯನ್ನು ಸುಡಬಲ್ಲವು, ಅವು ಬೇಡ. ಶಾಖವನ್ನು ಕೈಯಿಂದ ಅಂದಾಜು ಮಾಡದೆ ಉಷ್ಣಮಾಪಕದಿಂದಲೇ ಅಳೆಯಬೇಕು.

ಯು.ವಿ.ಬಿ. ದೀಪ

ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಮನೆಯ ಎಲ್‌ಇಡಿ ದೀಪದಲ್ಲಿ ಯು.ವಿ.ಬಿ. ಇಲ್ಲ. ಬ್ಯಾಂಕುಗಳಲ್ಲಿ ನೋಟು ಪರೀಕ್ಷಿಸುವ ದೀಪವು ಸೂಸುವುದು ಯು.ವಿ.ಎ.; ಕುಡಿಯುವ ನೀರಿನ ಯಂತ್ರದಲ್ಲಿರುವುದು ಕಣ್ಣಿಗೂ ಚರ್ಮಕ್ಕೂ ಅಪಾಯಕಾರಿಯಾದ ಯು.ವಿ.ಸಿ. ‘ನೇರಳಾತೀತ’ ಎಂಬ ಹೆಸರೊಂದನ್ನೇ ನಂಬಿ ಯಾವುದನ್ನೂ ಕೊಳ್ಳಲಾಗದು. ಸರೀಸೃಪಗಳಿಗೆಂದೇ ತಯಾರಾದ, ಹತ್ತು ಅಥವಾ ಹನ್ನೆರಡು ಶೇಕಡ ಎಂದು ನಮೂದಿಸಿದ ಟಿ5 ಕೊಳವೆ ದೀಪ ಉತ್ತಮ. ಅದು ಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು ಉದ್ದವಿದ್ದು, ಶಾಖದ ದೀಪದ ಪಕ್ಕದಲ್ಲೇ ಇರಬೇಕು. ಓತಿ ಕೂರುವ ಸ್ಥಳದಲ್ಲಿ ಯು.ವಿ. ಸೂಚ್ಯಂಕ 4ರಿಂದ 6ರಷ್ಟಿದ್ದರೆ ಸಾಕು; ಅಳೆಯುವ ಮಾಪಕವಿಲ್ಲದಿದ್ದರೆ ತಯಾರಕರು ಸೂಚಿಸಿದ ದೂರವನ್ನು ಪಾಲಿಸಬೇಕು. ನಡುವೆ ತಂತಿಜಾಲರಿ ಬಂದರೆ ಕಿರಣ ಗಣನೀಯವಾಗಿ ಕುಗ್ಗುತ್ತದೆ. ಗಾಜು ಬಂದರೆ ಬಹುತೇಕ ನಿಂತೇಹೋಗುತ್ತದೆ. ಆದ್ದರಿಂದಲೇ ಮುಚ್ಚಿದ ಕಿಟಕಿಯ ಬಿಸಿಲು ಓತಿಗಾಗಲಿ ಮನೆಯ ಕೂಸಿಗಾಗಲಿ ಡಿ3 ಕೊಡಲಾರದು. ದೀಪ ಉರಿಯುತ್ತಿದ್ದರೂ ಅದರ ಯು.ವಿ.ಬಿ. ಕಾಲಕ್ರಮೇಣ ಕ್ಷೀಣಿಸುವುದರಿಂದ ಸುಮಾರು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸುವುದು ವಾಡಿಕೆ.

ಊರಿಗೆ ತಕ್ಕ ಎಚ್ಚರ

ಹಗಲು 12ರಿಂದ 14 ಗಂಟೆ ಬೆಳಕು, ಇರುಳು ಪೂರ್ಣ ಕತ್ತಲೆ ಇರಲಿ. ದೆಹಲಿಯ ಚಳಿಗಾಲದಲ್ಲಿ ಕೋಣೆ 18 ಡಿಗ್ರಿಗಿಂತ ತಣಿದರೆ ಬೆಳಕಿಲ್ಲದ ಸೆರಾಮಿಕ್ ಶಾಖಕವನ್ನು ಥರ್ಮೋಸ್ಟಾಟಿನೊಡನೆ ಬಳಸಬೇಕು. ಚೆನ್ನೈ, ಹೈದರಾಬಾದುಗಳ ಬೇಸಗೆಯಲ್ಲಿ ಸಮಸ್ಯೆ ತದ್ವಿರುದ್ಧ: ತಂಪಿನ ತುದಿಯೇ ಮಾಯವಾಗಬಹುದು, ಆಗ ಕಡಿಮೆ ವಾಟಿನ ದೀಪವೂ ಕೋಣೆಗೆ ತಂಪೂ ಬೇಕು. ಮುಂಬಯಿಯ ಮಳೆಗಾಲದಲ್ಲಿ ಸೂರ್ಯನೇ ಕಾಣದಿದ್ದಾಗ ಯು.ವಿ.ಬಿ. ಕೊಳವೆಯೇ ಗತಿ. ಬಾಲ್ಕನಿಯ ನಿಜವಾದ ಬಿಸಿಲು ಶ್ರೇಷ್ಠವೇ; ಆದರೆ ನೆರಳಿರುವ ಜಾಲರಿ ಪಂಜರದಲ್ಲಿ, ಕಾವಲಿದ್ದು ಮಾತ್ರ. ಬಿಸಿಲಿಗಿಟ್ಟ ಗಾಜಿನ ಪೆಟ್ಟಿಗೆ ಕೆಲವೇ ನಿಮಿಷಗಳಲ್ಲಿ ಕುಲುಮೆಯಾಗುತ್ತದೆ.

ಈ ಓತಿ ಹತ್ತು ವರ್ಷ ಬಾಳಬಲ್ಲದು. ಆದುದರಿಂದ ಅದರ ಬೆಲೆಯೊಡನೆ ದೀಪ, ಮಾಪಕ, ವಿದ್ಯುತ್ತಿನ ವೆಚ್ಚವನ್ನೂ ಮೊದಲೇ ಲೆಕ್ಕ ಹಾಕಬೇಕು. ದೀಪಗಳನ್ನು ಅಳವಡಿಸಿ, ಒಂದು ವಾರ ಶಾಖದ ಅಳತೆ ಸರಿಯಿದೆಯೇ ಎಂದು ನೋಡಿದ ಬಳಿಕವೇ ಓತಿಯನ್ನು ಮನೆಗೆ ತರುವುದು ವಿಹಿತ.