ಬಿ.ಪಿ.ಯಿಂದ ಕಿಡ್ನಿ ಕಾಪಾಡಲು ಕಷಾಯದ ಪುಡಿ ಕಟ್ಟಿಸುವ ಮುನ್ನ

ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಗೆ ಹೋದರೆ ಅರಿಸಿನ ಕುಂಕುಮದ ಪಕ್ಕದಲ್ಲೇ ಪುನರ್ನವ, ನೆಗ್ಗಿಲುಮುಳ್ಳು, ಅತಿಮಧುರ ಎಲ್ಲವೂ ಸಿಗುತ್ತವೆ. ‘ಬಿ.ಪಿ. ಇದೆ, ಕಿಡ್ನಿಗೆ ತೊಂದರೆ ಆಗಬಾರದು, ಏನಾದರೂ ಕೊಡಿ’ ಎಂದು ಕೇಳುವವರೂ ಉಂಟು. ಗಿಡಮೂಲಿಕೆಯಲ್ಲಿ ಔಷಧದ ಗುಣ ಖಂಡಿತ ಇದೆ. ಇರುವುದರಿಂದಲೇ ಅದನ್ನು ಕಣ್ಣುಮುಚ್ಚಿ ಕುಡಿಯಬಾರದು.

ಮೊದಲು ಅಳತೆ

ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ರಕ್ತದೊತ್ತಡ ವರ್ಷಗಟ್ಟಲೆ ಹೆಚ್ಚಿದ್ದರೆ ಅವುಗಳಿಗೆ ರಕ್ತ ತರುವ ಸಣ್ಣ ನಾಳಗಳು ಗಡುಸಾಗುತ್ತವೆ, ಜಾಲರಿ ಹಾಳಾಗಿ ಪ್ರೋಟೀನು ಮೂತ್ರಕ್ಕೆ ಸೋರುತ್ತದೆ. ನೋವಿರುವುದಿಲ್ಲ, ಹಾಗಾಗಿ ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ಬೇಕಾದದ್ದು ಎರಡೇ: ರಕ್ತದ ಕ್ರಿಯಾಟಿನಿನ್ (ಅದರಿಂದಲೇ ಇ-ಜಿಎಫ್ಆರ್, ಅಂದರೆ ಕಿಡ್ನಿ ಸೋಸುವ ವೇಗದ ಅಂದಾಜು, ಲೆಕ್ಕ ಹಾಕುತ್ತಾರೆ) ಮತ್ತು ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ. ಇ-ಜಿಎಫ್ಆರ್ ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ಅಥವಾ ಅನುಪಾತ 30 ದಾಟಿಯೇ ಇದ್ದರೆ ಅದು ಕಿಡ್ನಿ ಕಾಯಿಲೆ. ಮಲ್ಲೇಶ್ವರದವರಿಗೆ ಕೆ.ಸಿ. ಜನರಲ್ ಆಸ್ಪತ್ರೆ ಹತ್ತಿರ. ಚಾಮರಾಜಪೇಟೆಯವರಿಗೆ ವಿಕ್ಟೋರಿಯಾ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ ದೂರವೇನಲ್ಲ.

ಮನೆಯಲ್ಲಿ ಬಿ.ಪಿ. ನೋಡಿಕೊಳ್ಳುವವರು ಐದು ನಿಮಿಷ ಬೆನ್ನಾನಿಸಿ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ನಿಮಿಷದ ಅಂತರದಲ್ಲಿ ಎರಡು ಸಲ ನೋಡಬೇಕು. ಸ್ಯಾಂಕಿ ಕೆರೆ ಸುತ್ತಿ, ದಾರಿಯಲ್ಲಿ ಸ್ಟ್ರಾಂಗ್ ಕಾಫಿ ಕುಡಿದು ಬಂದ ಕೂಡಲೇ ಪಟ್ಟಿ ಸುತ್ತಿದರೆ ಬರುವ ಅಂಕಿ ನಿಮ್ಮದಲ್ಲ, ಕಾಫಿಯದು.

ಆಮೇಲೆ ಪೊಟ್ಟಣ ಬಿಚ್ಚಿ

ಅತಿಮಧುರದಿಂದ ಶುರು ಮಾಡೋಣ. ಜ್ಯೇಷ್ಠಮಧು ಎಂದರೂ ಇದೇ. ಗಂಟಲು ಕೆರೆತಕ್ಕೆ ಒಂದೆರಡು ದಿನ ಚೀಪಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ದಿನವೂ ಕಷಾಯಕ್ಕೆ ಬಿದ್ದರೆ ಕಥೆ ಬೇರೆ. ಇದರ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್, ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಹಾರ್ಮೋನನ್ನು ಹತೋಟಿಯಲ್ಲಿಡುವ ಕಿಣ್ವವನ್ನು ತಡೆಯುತ್ತದೆ. ಆಗ ದೇಹ ಸೋಡಿಯಂ ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಕಳೆದುಕೊಳ್ಳುತ್ತದೆ, ಬಿ.ಪಿ. ಏರುತ್ತದೆ. ಕಿಡ್ನಿ ಕಾಯಲೆಂದು ಕುಡಿದದ್ದೇ ಒತ್ತಡ ಹೆಚ್ಚಿಸುವುದೆಂದರೆ ಹೀಗೆ. ಕೆಮ್ಮಿನ ಪುಡಿಗಳಲ್ಲೂ ಇದಿರುತ್ತದೆ, ಹಿಂಬದಿಯ ಪಟ್ಟಿ ಓದಿ.

ಸರ್ಪಗಂಧ ಇದಕ್ಕೆ ತದ್ವಿರುದ್ಧ, ನಿಜಕ್ಕೂ ಬಿ.ಪಿ. ಇಳಿಸುತ್ತದೆ. 1931ರಲ್ಲೇ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರಿನ ಬಗ್ಗೆ ಬರೆದಿದ್ದರು. 1949ರಲ್ಲಿ ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ತಮ್ಮ ರೋಗಿಗಳ ಫಲಿತಾಂಶ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿ ಅದರಿಂದ ರಿಸರ್ಪಿನ್ ಬೇರ್ಪಡಿಸಿತು. ಪ್ರಮಾಣ ಹೆಚ್ಚಾದರೆ ಮನಸ್ಸು ಕುಗ್ಗುತ್ತದೆ, ನಾಡಿ ನಿಧಾನವಾಗುತ್ತದೆ. ಪುಡಿಯಲ್ಲಿ ಸತ್ವ ಎಷ್ಟಿದೆಯೆಂದು ಹೇಳುವವರಿಲ್ಲ. ವೈದ್ಯರು ನಾಡಿ ಹಿಡಿದು ಕೊಡಬೇಕಾದ್ದನ್ನು ಅಂಗಡಿಯವರಿಂದ ತಕ್ಕಡಿಯಲ್ಲಿ ತೂಗಿಸಿಕೊಂಡು ತರಬೇಡಿ.

ಈಶ್ವರಿ ಬೇರು ಇದ್ದರೆ ಪೊಟ್ಟಣವನ್ನೇ ಬಿಸಾಡಿ. ಆ ಜಾತಿಯ ಗಿಡಗಳಲ್ಲಿರುವ ಅರಿಸ್ಟೋಲೋಕಿಕ್ ಆಮ್ಲ ಕಿಡ್ನಿಯನ್ನು ಮತ್ತೆ ಸರಿಹೋಗದಂತೆ ಕೆಡಿಸುತ್ತದೆ. ಬೆಲ್ಜಿಯಂನಲ್ಲಿ ತೂಕ ಇಳಿಸಲು ಇಂಥದೇ ಬೆರಕೆ ಸೇವಿಸಿದ ಹೆಂಗಸರ ಕಿಡ್ನಿ ಹಾಳಾದದ್ದು 1993ರಲ್ಲಿ ವರದಿಯಾಯಿತು. ಬಿಂಬುಳಿಯ ರಸವೂ ಬೇಡ. ಕಿಡ್ನಿ ಕಾಯಿಲೆ ಇರುವವರು ಉಪ್ಪು-ಖಾರ ಹಚ್ಚಿ ಮಾರುವ ಸ್ಟಾರ್ ಫ್ರೂಟ್ ಮುಟ್ಟಲೇಬಾರದು.

ಅಡುಗೆಮನೆಯಲ್ಲಿ

ಈರುಳ್ಳಿಯ ಕ್ವೆರ್ಸೆಟಿನ್, ಅರಿಸಿನದ ಕರ್ಕ್ಯುಮಿನ್ ಪ್ರಯೋಗಾಲಯದ ಇಲಿಗಳ ಕಿಡ್ನಿಯನ್ನು ಚೆನ್ನಾಗಿಯೇ ಕಾಪಾಡಿವೆ. ಬಸವನಗುಡಿಯ ಯಜಮಾನರು ಇಲಿಯಲ್ಲ. ಕೆನಡಾದಲ್ಲಿ ಕಿಡ್ನಿ ರೋಗಿಗಳಿಗೆ ಕರ್ಕ್ಯುಮಿನ್ ಕೊಟ್ಟು ನೋಡಿದಾಗ ಉಪಯೋಗವಾಗಲಿಲ್ಲ. ಸಾರಿಗೆ ಬೀಳುವ ಅರಿಸಿನ ಸಾಕು, ಕ್ಯಾಪ್ಸೂಲ್ ಬೇಡ. ಕೆಂಪು ಪುಂಡಿ ಹೂವಿನ ಚಹಾ ದಿನಕ್ಕೆ ಮೂರು ಲೋಟದಂತೆ ಆರು ವಾರ ಕುಡಿದವರಲ್ಲಿ ಬಿ.ಪಿ.ಯ ಮೇಲಿನ ಅಂಕಿ ಸುಮಾರು 7ರಷ್ಟು ಇಳಿದದ್ದುಂಟು. ಬೀಟ್‌ರೂಟಿನ ನೈಟ್ರೇಟ್ ಕೂಡ ರಕ್ತನಾಳ ಸಡಿಲಿಸುತ್ತದೆ, ಆದರೆ ಅದರಲ್ಲಿ ಆಕ್ಸಲೇಟ್ ಹೆಚ್ಚು, ಕಲ್ಲಿನ ತೊಂದರೆ ಇದ್ದವರು ದೂರವಿರಲಿ. ಇವೆಲ್ಲ ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗಲ್ಲ.

ಇವೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಉಪ್ಪು ಇಳಿಸುವುದು. ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಕಾಂಡಿಮೆಂಟ್ಸ್ ಅಂಗಡಿಯ ನಿಪ್ಪಟ್ಟು ಕೋಡುಬಳೆ, ಎಲ್ಲವೂ ಈ ಲೆಕ್ಕದಲ್ಲೇ. ಸೈಂಧವ ಲವಣವೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಟೆಲ್ಮಿಸಾರ್ಟನ್‌ನಂಥ ಬಿ.ಪಿ. ಮಾತ್ರೆ ನುಂಗುತ್ತಿದ್ದು ಕಿಡ್ನಿಯೂ ಸೊರಗಿದ್ದರೆ ಈ ಉಪ್ಪು, ದಿನವೂ ಎಳನೀರು ಎರಡೂ ಅಪಾಯ: ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು.

ಗಿಡದಿಂದ ಮಾತ್ರೆಗೆ

ಗಿಡದ ಅಂಶವೇ ಬೇಕೆನ್ನುವವರು ಗಿಡದಿಂದ ಹುಟ್ಟಿದ ಮಾತ್ರೆಯೊಂದರ ಬಗ್ಗೆ ಡಾಕ್ಟರನ್ನು ಒಂದು ಮಾತು ಕೇಳಬಹುದು. 1835ರಲ್ಲಿ ಸೇಬಿನ ಮರದ ತೊಗಟೆಯಿಂದ ಫ್ಲೋರಿಜಿನ್ ಎಂಬ ವಸ್ತು ತೆಗೆದರು. ಸಕ್ಕರೆ ಮೂತ್ರದಲ್ಲಿ ಹೋಗುವಂತೆ ಮಾಡುವ ಅದು ಕರುಳಿನಲ್ಲೇ ಒಡೆದುಹೋಗುತ್ತಿತ್ತು. ಅದರ ರಚನೆ ತಿದ್ದಿ ಮಾಡಿದ ಡಾಪಾಗ್ಲಿಫ್ಲೋಜಿನ್, ಸಕ್ಕರೆ ಕಾಯಿಲೆ ಇಲ್ಲದ ಕಿಡ್ನಿ ರೋಗಿಗಳಲ್ಲೂ ಹಾನಿಯ ವೇಗ ತಗ್ಗಿಸುತ್ತದೆಂದು 2020ರಲ್ಲಿ ದೊಡ್ಡ ಪ್ರಯೋಗವೊಂದು ತೋರಿಸಿತು. ಸೇಬು ತಿಂದರೆ ಈ ಲಾಭ ಸಿಗದು. ಮಾತ್ರೆಯೂ ಎಲ್ಲರಿಗೂ ಒಗ್ಗದು, ಡಾಕ್ಟರೇ ನಿರ್ಧರಿಸಲಿ.

ಈಗಾಗಲೇ ಕಷಾಯ ಕುಡಿಯುತ್ತಿದ್ದರೆ ಹೆಸರು ಹೇಳಿದರೆ ಸಾಲದು, ಪೊಟ್ಟಣವನ್ನೇ ಒಯ್ದು ಡಾಕ್ಟರ ಮೇಜಿನ ಮೇಲಿಡಿ. ಏನೇನಿದೆಯೆಂದು ಬರೆಯದ ಪುಡಿಯಾದರೆ ಇಂದೇ ನಿಲ್ಲಿಸಿ, ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಿಸಿ. ಬಿ.ಪಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ. ಮೂತ್ರ ಏಕಾಏಕಿ ಕಡಿಮೆಯಾದರೆ, ಮುಖ-ಕಾಲು ಊದಿಕೊಂಡರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.