ಹಿಮಾಲಯ ಚಾರಣಕ್ಕೆ ಹೊರಡುವ ಉರಿಗಾಂ ಸೀಮೆಯವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ಹಿಮಾಲಯದ ಎತ್ತರದ ಚಾರಣಕ್ಕೆ ಹೆಸರು ಕೊಟ್ಟಿರುವ ಪ್ರತಿಯೊಬ್ಬರಿಗೂ ಈ ಸೂಚನೆಗಳು ಅನ್ವಯಿಸುತ್ತವೆ. ನೀವು ಓದಿ, ಮನೆಯವರಿಗೂ ಓದಿಸಿ.

2024ರ ಮೇ ಕೊನೆಯಲ್ಲಿ ಉತ್ತರಾಖಂಡದ ಸಹಸ್ರತಾಲ್ ಸರೋವರಕ್ಕೆ 22 ಜನರ ತಂಡ ಹೊರಟಿತು. ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು. ಸರೋವರ ನೋಡಿ ಇಳಿಯುವಾಗ 4,000 ಮೀಟರಿಗೂ ಮೇಲಿನ ಬಯಲಲ್ಲಿ ಹಿಮಗಾಳಿ ಎದ್ದು ದಾರಿಯೇ ಕಾಣದಾಯಿತು. ನಮ್ಮ ರಾಜ್ಯದ 9 ಮಂದಿ ಪ್ರಾಣ ಬಿಟ್ಟರು, 13 ಮಂದಿಯನ್ನು ಉಳಿಸಲಾಯಿತು. ಹೋದವರ ತಪ್ಪು ಎಣಿಸುವುದಕ್ಕಲ್ಲ, ಇನ್ನೊಂದು ಮನೆಗೆ ಅಂಥ ಸುದ್ದಿ ಬಾರದಿರಲೆಂದು ಇದನ್ನು ಇಲ್ಲಿ ನೆನೆಯುತ್ತಿದ್ದೇವೆ.

ನಮ್ಮೂರು ಆಳ ಕಂಡ ಊರು. ಇಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಕೆಳಗಿಳಿದಿತ್ತು. ಅಲ್ಲಿನ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಆ ಶಾಖವನ್ನು ನಮ್ಮ ಹಿರಿಯರು ತಡೆದರು, ಚಳಿಯ ಪಾಠ ಮಾತ್ರ ನಮಗೆ ಹೊಸದು. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. 4,000 ಮೀಟರಿನಲ್ಲಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಸಮುದ್ರಮಟ್ಟದ ಶೇ 60ರಷ್ಟೇ.

ಮಾಡಬೇಕಾದ್ದು: ಹೊರಡುವ ಮುನ್ನ

1. ಕನಿಷ್ಠ ಮೂರು ತಿಂಗಳು ತಾಲೀಮು ಮಾಡಿ. ಅಂತರಗಂಗೆ ಬೆಟ್ಟ, ಆವನಿ ಬೆಟ್ಟ ಹತ್ತಿರದಲ್ಲೇ ಇವೆ. ಬೆನ್ನಿಗೆ ಎಂಟು ಹತ್ತು ಕಿಲೋ ಚೀಲ ಹಾಕಿಕೊಂಡು ಹತ್ತಿ, ಇಳಿಯಿರಿ. ಮಂಡಿಯ ಬಲ ತಿಳಿಯುವುದು ಇಳಿಯುವಾಗ. ಆದರೆ ಕಾಲಿಗೆ ಬಲ ಬಂದ ಮಾತ್ರಕ್ಕೆ ಎತ್ತರಕ್ಕೆ ದೇಹ ಒಗ್ಗಿತೆಂದಲ್ಲ. ಅದು ಅಲ್ಲಿಗೆ ಹೋಗಿ, ನಿಧಾನವಾಗಿ ಏರಿದರೆ ಮಾತ್ರ ಆಗುವ ಕೆಲಸ.

2. ವೈದ್ಯರಲ್ಲಿ ತಪಾಸಣೆ ಮಾಡಿಸಿ. ಹೃದಯ, ರಕ್ತದೊತ್ತಡ, ಸಕ್ಕರೆ ನೋಡಿಸಿ. ಗಣಿಯೊಳಗೆ ಕೆಲಸ ಮಾಡಿದವರು ಎದೆಯ ಎಕ್ಸ್‌ರೇ ಮತ್ತು ಶ್ವಾಸಕೋಶದ ಪರೀಕ್ಷೆ ಮಾಡಿಸಲೇಬೇಕು. ಬಂಡೆಯ ದೂಳು ತರುವ ಸಿಲಿಕೋಸಿಸ್ ಎಷ್ಟೋ ವರ್ಷ ಸದ್ದಿಲ್ಲದೆ ಇರುತ್ತದೆ. ಗಣಿ ಮುಚ್ಚಿದ್ದು 2001ರಲ್ಲಿ, ದೂಳು ಇನ್ನೂ ಎದೆಯಲ್ಲಿರಬಹುದು.

3. ದಿನಗಳ ಪಟ್ಟಿಯನ್ನು ನೀವೇ ಲೆಕ್ಕ ಹಾಕಿ ನೋಡಿ. 3,000 ಮೀಟರ್ ದಾಟಿದ ಮೇಲೆ ಇಂದು ಮಲಗುವ ಜಾಗ ನಿನ್ನೆಯದಕ್ಕಿಂತ 500 ಮೀಟರಿಗೂ ಹೆಚ್ಚು ಎತ್ತರದಲ್ಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ತಂಗುವ ದಿನ ಇರಬೇಕು. ಹವೆ ಕೆಟ್ಟರೆ ಕೂತು ಕಾಯಲು ಎರಡು ದಿನ ಕೈಯಲ್ಲಿರಲಿ. ವಾಪಸಾಗುವ ರೈಲಿನ ಟಿಕೆಟ್ಟನ್ನು ಆ ಎರಡು ದಿನ ಬಿಟ್ಟೇ ಮಾಡಿಸಿ.

4. ಕರೆದೊಯ್ಯುವವರನ್ನು ಮುಖಾಮುಖಿ ಕೇಳಿ: ಅರಣ್ಯ ಇಲಾಖೆಯ ಅನುಮತಿ ಇದೆಯೇ? ಎಷ್ಟು ಜನಕ್ಕೆ ಎಷ್ಟು ಗೈಡ್? ಆ ದಾರಿಯಲ್ಲಿ ಅವರು ಎಷ್ಟು ಸಲ ನಡೆದಿದ್ದಾರೆ? ಆಮ್ಲಜನಕದ ಸಿಲಿಂಡರ್ ಇದೆಯೇ? ಮೊಬೈಲ್ ಸಿಗದ ಕಡೆ ಸುದ್ದಿ ಮುಟ್ಟಿಸುವುದು ಹೇಗೆ? ಉತ್ತರ ತಡವರಿಸಿದರೆ ಹಣ ಕಟ್ಟಬೇಡಿ.

5. ಮೈಗೆ ಮೂರು ಪದರ ಬಟ್ಟೆ ಇರಲಿ: ಬೆವರು ಹೀರಿ ಬೇಗ ಒಣಗುವುದು ಒಳಗೆ, ಉಣ್ಣೆ ನಡುವೆ, ಗಾಳಿ ಮಳೆ ತಡೆಯುವುದು ಹೊರಗೆ. ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿರಲಿ. ಟೋಪಿ, ಕೈಗವಸು, ಹಿಮಕ್ಕೆ ತಕ್ಕ ಕಪ್ಪು ಕನ್ನಡಕ, ಹೆಡ್‌ಲ್ಯಾಂಪ್ ಪ್ರತಿಯೊಬ್ಬರ ಹೆಗಲ ಚೀಲದಲ್ಲೇ ಇರಬೇಕು, ಹೇಸರಗತ್ತೆಯ ಮೇಲೆ ಹೋಗುವ ಮೂಟೆಯಲ್ಲಲ್ಲ.

6. ಮನೆಯಲ್ಲಿ ಒಂದು ಹಾಳೆ ಬರೆದಿಟ್ಟು ಹೋಗಿ. ದಾರಿ, ಪ್ರತಿ ರಾತ್ರಿಯ ತಂಗುದಾಣ, ಗೈಡಿನ ಫೋನ್ ನಂಬರ್, ರಕ್ತದ ಗುಂಪು, ಯಾವ ದಿನದೊಳಗೆ ಸುದ್ದಿ ಬಾರದಿದ್ದರೆ ಯಾರಿಗೆ ಹೇಳಬೇಕು, ಎಲ್ಲವೂ ಅದರಲ್ಲಿರಲಿ. ಗಣಿಯೊಳಗೆ ಇಳಿದ ಪ್ರತಿಯೊಬ್ಬರ ಹೆಸರೂ ರಿಜಿಸ್ಟರಿನಲ್ಲಿರಬೇಕೆಂಬುದು ಕಾನೂನು. ಬೆಟ್ಟಕ್ಕೂ ಅದೇ ಕ್ರಮ.

ಮಾಡಬೇಕಾದ್ದು: ದಾರಿಯಲ್ಲಿ

7. ಬೆಳಕು ಹರಿಯುವ ಮುಂಚೆ ಹೊರಡಿ. ಎತ್ತರದಲ್ಲಿ ಮಧ್ಯಾಹ್ನದ ಮೇಲೆ ಮೋಡ ಕವಿಯುವುದು ವಾಡಿಕೆ. ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗಬೇಕು ಎಂಬುದನ್ನು ಬೆಳಗ್ಗೆಯೇ ಗೊತ್ತುಮಾಡಿ. ಆ ಗಂಟೆಗೆ ತಲುಪಬೇಕಾದ ಜಾಗ ಇನ್ನೂರು ಹೆಜ್ಜೆ ದೂರವಿದ್ದರೂ ತಿರುಗಿ.

8. ದಿನಕ್ಕೆ ಮೂರು ನಾಲ್ಕು ಲೀಟರ್ ನೀರು ಕುಡಿಯಿರಿ. ಹಸಿವಿಲ್ಲದಿದ್ದರೂ ಊಟ ಬಿಡಬೇಡಿ.

9. ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಕೂಡಲೇ ಹೇಳಿ, ಅಲ್ಲೇ ನಿಲ್ಲಿ. ಕಡಿಮೆಯಾಗದಿದ್ದರೆ ಇಳಿಯಿರಿ. ಹೆಜ್ಜೆ ತೂರಾಡಿದರೆ, ಮಾತು ತಪ್ಪಿದರೆ ಮಿದುಳಿನಲ್ಲಿ ನೀರು ತುಂಬುತ್ತಿರಬಹುದು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮಿದಾಗ ನೊರೆ ಬಂದರೆ ಶ್ವಾಸಕೋಶದಲ್ಲಿ ತುಂಬುತ್ತಿರಬಹುದು. ಅಂಥವರನ್ನು ನಡುರಾತ್ರಿಯಾದರೂ ಜೊತೆಗಾರರೊಂದಿಗೆ ಕೆಳಗಿಳಿಸಬೇಕು. ಇಳಿಯುವುದೇ ಮೊದಲ ಮದ್ದು.

10. ನಡುಗುತ್ತಿದ್ದವರು ನಡುಕ ನಿಂತು ಮಂಕಾದರೆ ಸುಧಾರಿಸಿದರೆಂದು ತಿಳಿಯಬೇಡಿ. ಮೈ ತಣ್ಣಗಾಗುತ್ತಿದೆ ಎಂದರ್ಥ. ಗಾಳಿಯ ಮರೆಗೆ ಒಯ್ದು, ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ ತೊಡಿಸಿ, ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗಿಸಿ.

11. ಪೋರ್ಟರುಗಳ ಮೈಮೇಲೆ ಏನಿದೆ ನೋಡಿ. ಬೆಚ್ಚಗಿನ ಬಟ್ಟೆ, ಸರಿಯಾದ ಬೂಟು, ವಿಮೆ ಅವರಿಗೂ ಬೇಕು. ಬೇರೆಯವರ ಸಂಪತ್ತಿಗಾಗಿ ಬೆವರು ಸುರಿಸಿದವರ ಊರಿನವರು ನಾವು, ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಾಡಬಾರದ್ದು

1. ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳ ಮೇಲೆ ತಾಲೀಮು ಕೂಡದು. ಆ ದೂಳು ಉಸಿರಿಗೆ ವಿಷ.

2. ಕಾಯಿಲೆ ಮುಚ್ಚಿಡಬಾರದು. ನಿಮ್ಮ ಗುಟ್ಟಿಗೆ ಇಡೀ ತಂಡ ಬೆಲೆ ತೆರಬೇಕಾದೀತು.

3. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸಿಟಜೋಲಮೈಡ್ ಮಾತ್ರೆಯನ್ನು ವೈದ್ಯರು ಹೇಳದೆ ನುಂಗಬಾರದು. ಸಲ್ಫಾ ಔಷಧ ಒಗ್ಗದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಮಾತ್ರೆ ನುಂಗಿ ಅವಸರವಾಗಿ ಏರುವುದಂತೂ ಸಲ್ಲದು.

4. ಮದ್ಯ, ನಿದ್ದೆ ಮಾತ್ರೆ ಮುಟ್ಟಬಾರದು. ಎರಡೂ ಉಸಿರನ್ನು ಇಳಿಸುತ್ತವೆ.

5. ಜೀನ್ಸ್, ಹತ್ತಿ ಬನಿಯನ್ ನೆಚ್ಚಿಕೊಳ್ಳಬಾರದು. ಒದ್ದೆಯಾದ ಹತ್ತಿ ಮೈಯ ಶಾಖವನ್ನು ಎಳೆದುಬಿಡುತ್ತದೆ.

6. ಡೇರೆಯೊಳಗೆ ಸ್ಟೌ, ಇದ್ದಿಲು ಉರಿಸಬಾರದು. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

7. ಹಿಮದಿಂದ ಮರಗಟ್ಟಿದ ಬೆರಳನ್ನು ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು.

8. ಫೋಟೊಗಾಗಿ ತಂಡ ಬಿಟ್ಟು ಮುಂದೆ ಓಡಬಾರದು, ಹಿಂದೆ ಉಳಿಯಬಾರದು. ಅತಿ ನಿಧಾನವಾಗಿ ನಡೆಯುವವರ ವೇಗವೇ ತಂಡದ ವೇಗ.

9. ಸರ್ಕಾರದ ಅನುಮತಿಯಿಲ್ಲದೆ ಸ್ಯಾಟಲೈಟ್ ಫೋನ್ ಒಯ್ಯಬಾರದು. ನಮ್ಮ ದೇಶದಲ್ಲಿ ಅದು ಅಪರಾಧ.

10. ಪ್ಲಾಸ್ಟಿಕ್ಕಿನ ಒಂದು ಚೂರನ್ನೂ ಅಲ್ಲಿ ಬಿಡಬಾರದು. ಅಲ್ಲಿಂದ ಹರಿಯುವ ನೀರನ್ನು ಕೆಳಗಿನ ಹಳ್ಳಿಯವರು ಕುಡಿಯುತ್ತಾರೆ.

11. ಅರ್ಧ ದಾರಿಯಲ್ಲಿ ಹಿಂದಿರುಗಿದವರನ್ನು ಹಂಗಿಸಬಾರದು. ‘ಇಷ್ಟು ದುಡ್ಡು ಕೊಟ್ಟು ಬಂದಿದ್ದೀವಿ’ ಎಂಬ ಮಾತು ಬೆಟ್ಟದ ಮೇಲೆ ಬರಕೂಡದು.

ಈ ನಿಯಮಗಳಿಗೆ ಒಪ್ಪದವರು ದಯವಿಟ್ಟು ಈಗಲೇ ಹೆಸರು ಹಿಂತೆಗೆದುಕೊಳ್ಳಿ. ನಮ್ಮೂರಲ್ಲಿ ಪಾಳಿ ಮುಗಿದ ಮೇಲೆ ಮನೆಯ ಬಾಗಿಲಲ್ಲಿ ಕಾದು ನಿಂತ ಅಮ್ಮಂದಿರ ಮಕ್ಕಳು ನಾವು. ಬೆಟ್ಟ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಹೋದವರೆಲ್ಲರೂ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಒಟ್ಟಿಗೆ ಇಳಿದ ದಿನವೇ ಚಾರಣ ಮುಗಿದಂತೆ.