ಭ್ರೂಣದ ಮೊದಲ ನಾಲ್ಕು ವಾರ: ಪರೀಕ್ಷಾ ಟಿಪ್ಪಣಿ

ಮೊದಲು ಲೆಕ್ಕ ಸರಿಮಾಡಿಕೊಳ್ಳಿ. ವೈದ್ಯರು ಗರ್ಭದ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಭ್ರೂಣದ ನಿಜವಾದ ವಯಸ್ಸು ಅದಕ್ಕಿಂತ ಸುಮಾರು 2 ವಾರ ಕಡಿಮೆ. ಇಲ್ಲಿರುವ ದಿನಗಳೆಲ್ಲ ನಿಷೇಚನದಿಂದ ಎಣಿಸಿದವು.

ನಿಷೇಚನ ನಡೆಯುವುದು ಗರ್ಭಾಶಯದಲ್ಲಲ್ಲ, ಅಂಡನಾಳದ ಆಂಪುಲಾ ಭಾಗದಲ್ಲಿ. 46 ಕ್ರೋಮೋಸೋಮುಗಳ ಯುಗ್ಮಜ ವಿಭಜಿಸುತ್ತಾ 3–4ನೇ ದಿನಕ್ಕೆ ಮೊರುಲಾ, 5ನೇ ದಿನದ ಹೊತ್ತಿಗೆ ಬ್ಲಾಸ್ಟೊಸಿಸ್ಟ್ ಆಗುತ್ತದೆ. ಸುಮಾರು 6ನೇ ದಿನ ಗರ್ಭಾಶಯದ ಒಳಪೊರೆಗೆ ಅಂಟಿಕೊಳ್ಳಲು ಶುರು. ಇದರ ಹೊರಪದರವಾದ ಟ್ರೋಫೋಬ್ಲಾಸ್ಟ್ ಸ್ರವಿಸುವ ಎಚ್‌ಸಿಜಿ ಹಾರ್ಮೋನನ್ನೇ ಮೂತ್ರದ ಗರ್ಭಪರೀಕ್ಷೆ ಪತ್ತೆಹಚ್ಚುವುದು.

3ನೇ ವಾರ ಗ್ಯಾಸ್ಟ್ರುಲೇಷನ್. ಮೂರು ಪದರಗಳು ಮೂಡುತ್ತವೆ: ಎಕ್ಟೋಡರ್ಮ್‌ನಿಂದ ನರಮಂಡಲ ಮತ್ತು ಹೊರಚರ್ಮ, ಮೀಸೋಡರ್ಮ್‌ನಿಂದ ಹೃದಯ, ಮೂಳೆ, ಸ್ನಾಯು, ಎಂಡೋಡರ್ಮ್‌ನಿಂದ ಕರುಳು ಹಾಗೂ ಶ್ವಾಸಕೋಶದ ಒಳಪದರ. ಸುಮಾರು 22ನೇ ದಿನ ಹೃದಯದ ಬಡಿತ ಆರಂಭ.

ಅಂಕಕ್ಕಿಂತ ಬದುಕಿಗೆ ಹೆಚ್ಚು ಬೇಕಾದ ಸಂಗತಿ ನರನಾಳದ್ದು. ಭ್ರೂಣದ ಬೆನ್ನಿನ ಉದ್ದಕ್ಕೂ ಇರುವ ಚಪ್ಪಟೆ ಫಲಕ ಮಡಚಿ, ಅಂಚುಗಳು ಕೂಡಿಕೊಂಡು ಕೊಳವೆಯಾಗುತ್ತದೆ; ಅದೇ ಮುಂದೆ ಮೆದುಳು, ಮೆದುಳುಬಳ್ಳಿ. 28ನೇ ದಿನದ ಹೊತ್ತಿಗೆ ಇದು ಪೂರ್ತಿ ಮುಚ್ಚಬೇಕು. ಕೆಳತುದಿ ಮುಚ್ಚದಿದ್ದರೆ ಸ್ಪೈನಾ ಬೈಫಿಡಾ, ಮೇಲ್ತುದಿ ಮುಚ್ಚದಿದ್ದರೆ ಅನೆನ್‌ಸೆಫಲಿ. ಆ ಹೊತ್ತಿಗೆ ಮುಟ್ಟು ತಪ್ಪಿ ಸುಮಾರು ಎರಡೇ ವಾರ. ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿ ಎಂಬುದೇ ಖಚಿತವಾಗಿರುವುದಿಲ್ಲ. ಆದ್ದರಿಂದಲೇ, ಈ ದೋಷಗಳ ಅಪಾಯ ತಗ್ಗಿಸಲು, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು (ವಿಟಮಿನ್ ಬಿ9) ಗರ್ಭ ಧರಿಸುವ ಮೊದಲೇ ಶುರುಮಾಡಿ ಗರ್ಭದ 12ನೇ ವಾರದವರೆಗೆ ತೆಗೆದುಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಓದಿದ ಮೇಲೆ ಇದನ್ನು ಮನೆಯಲ್ಲೂ ತಿಳಿಸಿ.